ಎರೆ ಮಣ್ಣಿಗೊಂದು ಬಗ್ಗಿ

ಮೊದಲ ಆರ್‌ಸಿ ಬಗ್ಗಿ, ಅಂದರೆ ರಿಮೋಟ್‌ನಿಂದ ಓಡಿಸುವ ಪುಟ್ಟ ಕಾರು, ತಗೊಳ್ಳುವವರು ಮೊದಲು ನೋಡುವುದು ಸ್ಪೀಡ್. ಬಾಕ್ಸ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತದಲ್ವಾ, 60 ಕಿ.ಮೀ., 70 ಕಿ.ಮೀ. ಅಂತ. ಆಮೇಲೆ ನೋಡುವುದು ಬಣ್ಣ. ರಿಮೋಟ್ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಅದು ಗಾಡಿ ಜೊತೆ ಪುಕ್ಕಟೆ ಬರುವ ಪ್ಲಾಸ್ಟಿಕ್ ಅನ್ನುವ ಲೆಕ್ಕ. ಓಡಿಸುವ ನೆಲ ಎಂಥದ್ದು, ಮುರಿದರೆ ಬಿಡಿಭಾಗ ಎಲ್ಲಿಂದ ಬರುತ್ತದೆ ಅನ್ನುವ ಯೋಚನೆ ಬರುವುದು ಗಾಡಿ ಮುರಿದ ಮೇಲೇ.

ಕಲಬುರಗಿಯಲ್ಲಿ ಕೂತು ಈ ಹುಚ್ಚು ಹಚ್ಚಿಕೊಂಡು ಕೆಲವು ವರ್ಷ ಆದವು. ಈಗ ಯಾರಾದರೂ ಕೇಳಿದರೆ ಈ ಕ್ರಮವನ್ನು ತಲೆಕೆಳಗು ಮಾಡಿ ಹೇಳುತ್ತೇನೆ. ಮೊದಲು ನೆಲ ನೋಡಿ, ಆಮೇಲೆ ಬಿಡಿಭಾಗ, ಆಮೇಲೆ ರಿಮೋಟ್, ಆಮೇಲೆ ಗಾಡಿ. ಸ್ಪೀಡ್ ಎಲ್ಲಕ್ಕಿಂತ ಕೊನೆಗೆ. ಬೆಂಗಳೂರಿನಲ್ಲಿದ್ದು ಬರೆದಿದ್ದರೆ ಬೇರೆ ಥರ ಹೇಳುತ್ತಿದ್ದೆನೋ ಏನೋ. ಇಲ್ಲಿ ಬಗ್ಗಿಯ ಆರ್ಮ್, ಅಂದರೆ ಗಾಲಿಯನ್ನು ಹಿಡಿದಿರುವ ತೋಳು, ಮುರಿದರೆ ಸಂಜೆ ಬೈಕ್ ತಗೊಂಡು ಹೋಗಿ ಕೊಂಡು ತರುವಂಥ ಅಂಗಡಿ ನನಗಂತೂ ಸಿಕ್ಕಿಲ್ಲ. ಈ ಒಂದು ವಿಷಯ ಗೊತ್ತಿದ್ದರೆ ಉಳಿದ ಎಷ್ಟೋ ತೀರ್ಮಾನ ತಾನಾಗೇ ಆಗಿಬಿಡುತ್ತವೆ.

ಡ್ರೋನ್ ಯಾಕೆ ಹಾರಿಸಲ್ಲ ಅಂತ ಕೇಳುವವರೂ ಇದ್ದಾರೆ. ಡ್ರೋನ್‌ಗೆ 2021ರಲ್ಲಿ ಬಂದ ನಿಯಮಗಳಿವೆ, ವಿಮಾನ ನಿಲ್ದಾಣದ ಸುತ್ತ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಕಲಬುರಗಿಯಲ್ಲಿ 2019ರ ನವೆಂಬರ್‌ನಿಂದ ವಿಮಾನ ನಿಲ್ದಾಣ ಇದೆ, ಬೀದರಿನಲ್ಲಂತೂ ವಾಯುಪಡೆಯ ತರಬೇತಿ ಕೇಂದ್ರವೇ ಇದೆ. ನೆಲದ ಮೇಲೆ ಓಡುವ ಬಗ್ಗಿಗೆ ಆ ತಾಪತ್ರಯ ಇಲ್ಲ. ಕೆಟ್ಟರೆ ಅಲ್ಲೇ ನಿಲ್ಲುತ್ತದೆ, ಯಾರ ತಲೆ ಮೇಲೂ ಬೀಳುವುದಿಲ್ಲ.

ನಮ್ಮ ಕಡೆ ನೆಲ ಅಂದರೆ ಎರೆ, ಕಪ್ಪು ಜೇಡಿ ಮಣ್ಣು. ತೊಗರಿಗೆ ಹೇಳಿ ಮಾಡಿಸಿದ ಮಣ್ಣು. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿತು. ಆದರೆ ಬಗ್ಗಿಗೆ ಈ ಮಣ್ಣು ಮೂರು ಕಾಲಕ್ಕೆ ಮೂರು ಥರ ಕಾಟ ಕೊಡುತ್ತದೆ. ಮಳೆಗಾಲದಲ್ಲಿ ಇದರ ಜೇಡಿ ನೀರು ಹೀರಿ ಉಬ್ಬುತ್ತದೆ, ಅಂಟುತ್ತದೆ. ಬಗ್ಗಿಯ ಹಿಂದಿನ ಟೈರುಗಳಿಗೆ ಮುಳ್ಳು ಮುಳ್ಳಾದ ಹಿಡಿತ ಇರುತ್ತದೆ, ಅದರ ಸಂದಿಯಲ್ಲೆಲ್ಲ ಮಣ್ಣು ತುಂಬಿಕೊಂಡು ಹತ್ತು ಮಾರು ಹೋಗುವಷ್ಟರಲ್ಲಿ ಟೈರು ನುಣ್ಣಗಾಗುತ್ತದೆ. ಗಾಲಿಯ ತೂಕ ಏರುತ್ತದೆ, ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ. ಮನೆಗೆ ತಂದು ಒಂದು ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ಆ ಮಣ್ಣನ್ನು ಸ್ಕ್ರೂಡ್ರೈವರ್‌ನಿಂದ ಕೆತ್ತಿ ತೆಗೆಯಬೇಕು. ಚಳಿಗಾಲದಲ್ಲಿ ತೊಗರಿ ಕೊಯ್ದ ಹೊಲ ದೂರದಿಂದ ಖಾಲಿ ಮೈದಾನದ ಹಾಗೆ ಕಾಣುತ್ತದೆ, ಹತ್ತಿರ ಹೋದರೆ ಸಾಲು ಸಾಲು ಕೂಳೆ. ತೊಗರಿ ಕೂಳೆ ಅಂದರೆ ಮೆತ್ತಗಿನ ಹುಲ್ಲಲ್ಲ, ಕಟ್ಟಿಗೆಯೇ. ವೇಗದಲ್ಲಿ ಒಂದಕ್ಕೆ ತಾಗಿದರೆ ಮುಂದಿನ ಆರ್ಮ್ ಚಟ್ ಅಂತ ಮುರಿಯುತ್ತದೆ. ಇನ್ನು ಬೇಸಿಗೆ. ನೆಲ ಬಾಯಿ ಬಿಡುತ್ತದೆ, ಸಣ್ಣ ಗಾಡಿಯ ಗಾಲಿ ಪೂರ್ತಿ ಒಳಗೆ ಇಳಿಯುವಷ್ಟು ಅಗಲದ ಬಿರುಕು ಇರುತ್ತವೆ. ಮೇಲೆ ಹಿಟ್ಟಿನಂಥ ಧೂಳು. ಅದು ಹೋಗದ ಜಾಗ ಇಲ್ಲ, ಬೇರಿಂಗ್‌ನೊಳಗೂ ಹೋಗುತ್ತದೆ, ಮೋಟರಿನ ಕಾರ್ಬನ್ ಬ್ರಶ್ ಹತ್ತಿರವೂ ಹೋಗುತ್ತದೆ.

ಹಾಗಾದರೆ ಓಡಿಸುವುದೆಲ್ಲಿ? ಮುರುಮ್, ಅಂದರೆ ಗರಸು ಹಾಕಿದ ನೆಲದಲ್ಲಿ. ರಿಂಗ್ ರೋಡ್ ಆಚೆ, ಸೇಡಂ ರಸ್ತೆ, ಆಳಂದ ರಸ್ತೆ ಕಡೆ ಪ್ಲಾಟ್ ಹಾಕಿ ಮನೆ ಏಳದ ಲೇಔಟ್‌ಗಳು ಎಷ್ಟು ಬೇಕಷ್ಟಿವೆ. ರಿಯಲ್ ಎಸ್ಟೇಟ್‌ನವರು ಮುರುಮ್ ಹಾಕಿ ರೋಲರ್ ಹೊಡೆಸಿ ಬಿಟ್ಟ ಆ ರಸ್ತೆಗಳು ಬಗ್ಗಿಗೆ ಬಹಳ ಛಲೋ. ಯಾರದ್ದು ಅಂತ ಕೇಳಿ, ಅಲ್ಲಿ ವಾಚ್‌ಮನ್ ಇದ್ದರೆ ಎರಡು ಮಾತಾಡಿ ಓಡಿಸುವುದು ಒಳ್ಳೆಯದು. ಬೀದರಿನವರು ಈ ವಿಷಯದಲ್ಲಿ ಪುಣ್ಯವಂತರು. ಅಲ್ಲಿ ಕೆಂಪು ಜಂಬಿಟ್ಟಿಗೆ ನೆಲ, ಗಟ್ಟಿಯಾಗಿರುತ್ತದೆ, ನೀರು ಬೇಗ ಬಸಿಯುತ್ತದೆ, ಮಳೆ ನಿಂತ ಸ್ವಲ್ಪ ಹೊತ್ತಿಗೆ ಓಡಿಸಬಹುದು. ನಮ್ಮಲ್ಲಿ ಮಳೆ ನಿಂತ ಮೇಲೂ ದಿನಗಟ್ಟಲೆ ಕಾಯಬೇಕು. ಮನೆ ಅಂಗಳದಲ್ಲಿ ಶಹಾಬಾದ್ ಫರ್ಸಿ ಹಾಸಿದ್ದರೆ ಅದೂ ಕಲಿಯುವವರಿಗೆ ಒಳ್ಳೆಯದೇ. ಧೂಳು ಬಿದ್ದ ಫರ್ಸಿ ಮೇಲೆ ಟೈರು ಜಾರುತ್ತದೆ, ಟ್ರಿಗರ್ ಮೇಲೆ ಬೆರಳು ಎಷ್ಟು ಹಗುರ ಇಡಬೇಕು ಅನ್ನುವುದನ್ನು ಅದೇ ಕಲಿಸುತ್ತದೆ.

ಗಾಡಿಯ ಅಳತೆಯನ್ನೂ ಈ ನೆಲವೇ ತೀರ್ಮಾನ ಮಾಡುತ್ತದೆ. 1:18, 1:14 ಅಳತೆಯ ಗಾಡಿಗಳು, ಅಂದರೆ ನಿಜವಾದ ಗಾಡಿಯ ಹದಿನೆಂಟರಲ್ಲಿ, ಹದಿನಾಲ್ಕರಲ್ಲಿ ಒಂದು ಭಾಗದವು, ಅಗ್ಗ, ಬೇಗ ಸಿಗುತ್ತವೆ, ನೋಡೋಕೂ ಚೆಂದ. 1:14ರಲ್ಲಿ ಡಬ್ಲ್ಯುಎಲ್ ಟಾಯ್ಸ್ 144001 ಅನ್ನುವ ನಾಲ್ಕು ಚಕ್ರದ ಡ್ರೈವ್ ಇರುವ ಬಗ್ಗಿ ಬಹಳ ಜನರ ಮೊದಲ ಗಾಡಿ. ಲೋಹದ ಚಾಸಿ, 7.4 ವೋಲ್ಟ್ ಬ್ಯಾಟರಿ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ನುಣ್ಣನೆ ರಸ್ತೆ, ಟೆನಿಸ್ ಕೋರ್ಟ್, ಕಾಲೇಜಿನ ಸಿಮೆಂಟ್ ಅಂಗಳ ನಿಮ್ಮ ಕೈಗೆ ಸಿಗುವುದಾದರೆ ಅದನ್ನೇ ತಗೊಳ್ಳಿ, ನಾನು ಬೇಡ ಅನ್ನಲ್ಲ. ಆದರೆ ಜಲ್ಲಿ ಎದ್ದ ಮುರುಮ್ ಮೇಲೆ ಅಷ್ಟು ಸಣ್ಣ ಗಾಲಿ ಕುಣಿಯುತ್ತದೆ, ಪ್ರತಿ ಕಲ್ಲೂ ಅದಕ್ಕೆ ಗುಡ್ಡ. 1:8 ಅಳತೆಯದ್ದು ಈ ನೆಲವನ್ನು ಲೆಕ್ಕಕ್ಕೇ ಇಡಲ್ಲ, ಹಾರುತ್ತದೆ, ಎದ್ದು ಹೋಗುತ್ತದೆ. ಆದರೆ ಅದು ಮೂರು, ಮೂರೂವರೆ ಕೆಜಿ ತೂಗುತ್ತದೆ.

ಈ ತೂಕದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನೀವು ಖಾಲಿ ಲೇಔಟ್‌ನಲ್ಲಿ ಬಗ್ಗಿ ಇಳಿಸಿದರೆ ಐದು ನಿಮಿಷದಲ್ಲಿ ಅದು ಖಾಲಿ ಇರುವುದಿಲ್ಲ. ಎಲ್ಲಿಂದ ಬರುತ್ತಾರೋ, ಹುಡುಗರು ಬಂದೇ ಬರುತ್ತಾರೆ. "ಕಾಕಾ, ಒಂದ್ ರೌಂಡ್ ಕೊಡ್ರಿ" ಅಂತ ಶುರು. ಮೇಕೆಗಳು ಬರುತ್ತವೆ, ನಾಯಿ ಅಟ್ಟಿಸಿಕೊಂಡು ಬರುತ್ತದೆ. ಮೂರೂವರೆ ಕೆಜಿಯ ಗಾಡಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಂದು ಹುಡುಗನ ಮೊಳಕಾಲಿಗೆ ಬಡಿದರೆ ಎಲುಬು ಮುರಿಯುವಷ್ಟು ಪೆಟ್ಟು. ಒಂದೂವರೆ ಕೆಜಿಯ 1:10 ಗಾಡಿ 30ರಲ್ಲಿ ಬಂದು ತಾಗಿದರೆ ನೋವಾಗುತ್ತದೆ, ಬೈಸಿಕೊಳ್ಳುತ್ತೀರಿ, ಅಲ್ಲಿಗೆ ಮುಗಿಯುತ್ತದೆ. ಲೆಕ್ಕ ಹಾಕಿ ನೋಡಿ. ತೂಕ ಎರಡು ಪಟ್ಟಿಗೂ ಜಾಸ್ತಿ, ವೇಗ ಎರಡು ಪಟ್ಟು, ಆದರೆ ಪೆಟ್ಟಿನ ಶಕ್ತಿಯಲ್ಲಿ ವೇಗ ತನ್ನಿಂದಲೇ ಗುಣಿಸಿಕೊಳ್ಳುತ್ತದೆ. ಹಾಗಾಗಿ ಮೊದಲನೆಯದು ಎರಡನೆಯದರ ಒಂಬತ್ತು ಪಟ್ಟು ಆಗುತ್ತದೆ. ಕೈ ಪಳಗದವರ ಹತ್ತಿರ 1:8 ಇರಬಾರದು ಅನ್ನುವುದಕ್ಕೆ ನನಗೆ ಇಷ್ಟು ಸಾಕು.

ಹೀಗೆ ಬಂದು ನಿಲ್ಲುವುದು 1:10 ಅಳತೆಯಲ್ಲಿ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಆರ್‌ಸಿ ಬಗ್ಗಿಯ ಇತಿಹಾಸವೇ ಬಹುಪಾಲು ಈ ಅಳತೆಯದ್ದು. ಜಪಾನಿನ ಟಮಿಯಾ ಕಂಪನಿ ಗ್ರಾಸ್‌ಹಾಪರ್, ಹಾರ್ನೆಟ್ ಅನ್ನುವ ಎರಡು ಸರಳ ಬಗ್ಗಿ ತಂದದ್ದು 1984ರಲ್ಲಿ. ಅದೇ ವರ್ಷ ಅಮೆರಿಕದ ಟೀಮ್ ಅಸೋಸಿಯೇಟೆಡ್‌ನವರು ರೇಸಿಗೆಂದೇ ಆರ್‌ಸಿ10 ತಂದರು. ಗ್ರಾಸ್‌ಹಾಪರ್‌ನಲ್ಲಿ ಇದ್ದದ್ದು 380 ಅಳತೆಯ ಪುಟ್ಟ ಮೋಟರ್, ಹಾರ್ನೆಟ್‌ನಲ್ಲಿ ಅದಕ್ಕಿಂತ ದೊಡ್ಡ 540. ಟಮಿಯಾದವರು 2005ರಲ್ಲಿ ಗ್ರಾಸ್‌ಹಾಪರ್ ಅನ್ನು ಮತ್ತೆ ಮಾರುಕಟ್ಟೆಗೆ ಬಿಟ್ಟರು. ಆ ಹಳೇ ಕಾಲದ ಗಾಡಿಯ ಹಿಂಭಾಗ ಕುದುರೆ ಹಾಗೆ ನೆಗೆಯುತ್ತದೆ, ಈಗಿನ ಗಾಡಿಗಳ ಮುಂದೆ ಅದರ ಸಸ್ಪೆನ್ಷನ್ ಏನೇನೂ ಅಲ್ಲ. ಆದರೆ ಒಳಗೆ ಮುರಿಯುವಂಥದ್ದು ಕಮ್ಮಿ, ಮುರಿದದ್ದನ್ನು ನೋಡಿದರೇ ಗೊತ್ತಾಗುತ್ತದೆ.

ಮುರಿಯುವ ವಿಷಯಕ್ಕೆ ಬರೋಣ. ಬಗ್ಗಿ ಮುರಿಯುತ್ತದೆ. ಚೆನ್ನಾಗಿ ಓಡಿಸುವವರದೂ ಮುರಿಯುತ್ತದೆ. ಹಾಗಾಗಿ ಗಾಡಿ ಇಷ್ಟವಾದ ಕೂಡಲೇ ನಾನು ಮಾಡುವ ಕೆಲಸ ಒಂದೇ, ಅದರ ಮುಂದಿನ ಆರ್ಮ್, ಗಾಲಿಯನ್ನು ಎಡಬಲ ತಿರುಗಿಸುವ ಸ್ಟೀರಿಂಗ್ ನಕಲ್, ಮೋಟರಿನ ಓಟವನ್ನು ಗಾಲಿ ಕಡೆ ದಾಟಿಸುವ ದೊಡ್ಡ ಸ್ಪರ್ ಗೇರ್ ಈ ಮೂರು ನಮ್ಮ ದೇಶದ ಅಂಗಡಿಯಲ್ಲಿ ಇವತ್ತು ಸ್ಟಾಕ್ ಇದೆಯಾ ಅಂತ ಹುಡುಕುವುದು. ಇಲ್ಲದಿದ್ದರೆ ಗಾಡಿ ಎಷ್ಟೇ ಚೆಂದ ಇರಲಿ, ಬೇಡ. ಹೊರದೇಶದಿಂದ ತರಿಸಿದರೆ ವಾರಗಟ್ಟಲೆ ಕಾಯುವುದು, ಕಸ್ಟಮ್ಸ್ ಬೇರೆ. ನೂರಿನ್ನೂರರ ಪ್ಲಾಸ್ಟಿಕ್ ತುಂಡಿಗಾಗಿ ಸಾವಿರಾರು ರೂಪಾಯಿಯ ಗಾಡಿ ಅಟ್ಟದ ಮೇಲೆ ಕೂರುತ್ತದೆ. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ, ರೈಲೂ ಇದೆ. ಹೋಗಿ ಬರುವವರ ಕೈಯಲ್ಲಿ ಹೇಳಿ ತರಿಸುವುದು ಇಲ್ಲಿನ ಹಳೇ ಪದ್ಧತಿ, ಅದು ಸ್ಟೀರಿಂಗ್ ತಿರುಗಿಸುವ ಸರ್ವೊ ಮೋಟರಿಗೂ ನಡೆಯುತ್ತದೆ.

ಎಲ್ಲವನ್ನೂ ಹೊರಗಿನಿಂದಲೇ ತರಿಸಬೇಕು ಅಂತೇನೂ ಇಲ್ಲ. 1:10 ಗಾಡಿಗಳಲ್ಲಿ ಬಹಳ ಕಡೆ ಬಳಸುವ ಬೇರಿಂಗ್ 5 ಮಿ.ಮೀ. ಒಳವ್ಯಾಸ, 11 ಹೊರವ್ಯಾಸ, 4 ದಪ್ಪದ್ದು. ಈ ಮೂರು ಅಳತೆ ಬರೆದುಕೊಂಡು ಬೇರಿಂಗ್ ಅಂಗಡಿಗೆ ಹೋದರೆ ಅವರು ಹುಡುಕಿ ಕೊಡುತ್ತಾರೆ, ಇಲ್ಲಾ ತರಿಸುತ್ತಾರೆ. 3 ಮಿ.ಮೀ. ಸ್ಕ್ರೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಬ್ಯಾಟರಿಯ ಕನೆಕ್ಟರ್ ಬದಲಿಸಬೇಕಾದರೆ ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ಮೊಬೈಲ್ ರಿಪೇರಿ ಮಾಡುವವರ ಕೈಯಲ್ಲಿ ಸಾಲ್ಡರ್ ಹಾಕಿಸಬಹುದು. ಆದರೆ ಎರಡು ವೈರ್‌ಗಳನ್ನು ಒಟ್ಟಿಗೆ ಕತ್ತರಿಸಬೇಡಿ, ಒಂದೊಂದೇ ಮಾಡಿ ಅಂತ ಪಕ್ಕದಲ್ಲೇ ನಿಂತು ಹೇಳಬೇಕು. ಕತ್ತರಿಯ ಲೋಹ ಎರಡನ್ನೂ ಸೇರಿಸಿದರೆ ಬ್ಯಾಟರಿ ಶಾರ್ಟ್ ಆಗುತ್ತದೆ. ಅಗ್ಗದ ಗಾಡಿಗಳಲ್ಲಿ ಬೇರಿಂಗ್ ಬದಲು ಪ್ಲಾಸ್ಟಿಕ್ ಬುಶ್ ಕೊಟ್ಟಿರುತ್ತಾರೆ, ನಮ್ಮ ಧೂಳಿಗೆ ಅವು ಬೇಗ ಸವೆಯುತ್ತವೆ. ಮೊದಲೇ ತೆಗೆದು ಮುಚ್ಚಳ ಇರುವ ಬೇರಿಂಗ್ ಹಾಕಿಸಿಕೊಂಡರೆ ಗಾಡಿಗೆ ಆಯಸ್ಸು.

ಈಗ ರಿಮೋಟ್. ಇದರ ಬಗ್ಗೆ ಹೇಳೋಕೇ ಇಷ್ಟು ಬರೆದೆ ಅಂದರೂ ತಪ್ಪಿಲ್ಲ.

ಆಟಿಕೆ ಅಂಗಡಿಯ ಕಾರಿಗೂ ಹಾಬಿ ಗಾಡಿಗೂ ವ್ಯತ್ಯಾಸ ಗೊತ್ತಾಗುವುದು ರಿಮೋಟ್ ಹಿಡಿದಾಗ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಸ್ಟೀರಿಂಗ್ ಚಕ್ರವನ್ನು ಚೂರೇ ಚೂರು ತಿರುಗಿಸಿ. ಮುಂದಿನ ಗಾಲಿಯೂ ಚೂರೇ ತಿರುಗಿದರೆ ಸರಿ. ಒಮ್ಮೆಲೇ ಪೂರ್ತಿ ಎಡಕ್ಕೆ ಹೊಡೆದುಕೊಂಡರೆ ಅದು ಆಟಿಕೆ, ಅದರಲ್ಲಿ ಓಡಿಸುವುದನ್ನು ಕಲಿಯಲಾಗುವುದಿಲ್ಲ. ಬೆರಳು ಎಷ್ಟು ಅದುಮಿದರೆ ಅಷ್ಟೇ ಓಟ, ಕೈ ಎಷ್ಟು ತಿರುಗಿಸಿದರೆ ಅಷ್ಟೇ ತಿರುವು ಇರಬೇಕು. ಇದೊಂದು ಇಲ್ಲದಿದ್ದರೆ ಉಳಿದ ಯಾವ ಗುಣವೂ ಲೆಕ್ಕಕ್ಕಿಲ್ಲ.

ಬಗ್ಗಿಗೆ ಸಾಮಾನ್ಯವಾಗಿ ಬರುವುದು ಪಿಸ್ತೂಲ್ ಹಿಡಿಯ ರಿಮೋಟ್. ಎಡಗೈಯ ಬೆರಳಲ್ಲಿ ಟ್ರಿಗರ್, ಎಳೆದರೆ ಮುಂದೆ, ದೂಡಿದರೆ ಬ್ರೇಕ್ ಮತ್ತು ಹಿಂದೆ. ಬಲಗೈಯಲ್ಲಿ ಫೋಮ್ ಸುತ್ತಿದ ಚಕ್ರ. ಎರಡು ಕಡ್ಡಿ ಇರುವ ರಿಮೋಟಿನಲ್ಲೂ ಗಾಡಿ ಓಡಿಸುವವರಿದ್ದಾರೆ, ಮುಂದೆ ವಿಮಾನ, ದೋಣಿ ಅಂತ ಆಸೆ ಇದ್ದರೆ ಅದನ್ನೇ ತಗೊಂಡು ಎಲ್ಲಕ್ಕೂ ಬಳಸಬಹುದು. ನನಗೆ ಪಿಸ್ತೂಲೇ ಸರಿ. ಎಡಗೈಯವರು ಮಾತ್ರ ಒಮ್ಮೆ ಕೈಯಲ್ಲಿ ಹಿಡಿದು ನೋಡಿಯೇ ತಗೊಳ್ಳಬೇಕು.

ಹಿಂದೆ ರಿಮೋಟುಗಳು 27 ಮೆಗಾಹರ್ಟ್ಝ್‌ನಂಥ ತರಂಗದಲ್ಲಿ ನಡೆಯುತ್ತಿದ್ದವು. ಒಂದೊಂದಕ್ಕೂ ಒಂದು ಕ್ರಿಸ್ಟಲ್. ಇಬ್ಬರ ಹತ್ತಿರ ಒಂದೇ ಚಾನೆಲ್ಲಿನ ಕ್ರಿಸ್ಟಲ್ ಇದ್ದರೆ ಒಬ್ಬರು ಓಡಿಸುವಾಗ ಇನ್ನೊಬ್ಬರು ಕಟ್ಟೆ ಮೇಲೆ ಕೂರಬೇಕು, ಇಲ್ಲದಿದ್ದರೆ ಒಬ್ಬರ ಗಾಡಿ ಇನ್ನೊಬ್ಬರ ಮಾತು ಕೇಳುತ್ತದೆ. ಈಗಿನವು 2.4 ಗಿಗಾಹರ್ಟ್ಝ್. ನಮ್ಮ ದೇಶದಲ್ಲಿ ಈ ತರಂಗದಲ್ಲಿ ನಡೆಯುವ ಕಮ್ಮಿ ಶಕ್ತಿಯ ಉಪಕರಣಗಳಿಗೆ 2005ರಿಂದ ಲೈಸೆನ್ಸ್ ಬೇಡ. ಒಳ್ಳೆಯ ರಿಮೋಟ್ ಮತ್ತು ಅದರ ಮಾತು ಕೇಳುವ ಗಾಡಿಯೊಳಗಿನ ರಿಸೀವರ್ ಒಂದನ್ನೊಂದು ಗುರುತು ಹಿಡಿದುಕೊಂಡು, ಒಂದು ಚಾನೆಲ್ಲಿನಿಂದ ಇನ್ನೊಂದಕ್ಕೆ ಜಿಗಿಯುತ್ತ ಮಾತಾಡುತ್ತವೆ. ಈ ಗುರುತು ಮಾಡಿಸುವ ಕೆಲಸಕ್ಕೆ ಬೈಂಡ್ ಮಾಡುವುದು ಅಂತಾರೆ. ಹತ್ತು ಜನ ಒಟ್ಟಿಗೆ ಓಡಿಸಿದರೂ ತೊಂದರೆ ಇಲ್ಲ. ಕಲಬುರಗಿಯಲ್ಲಿ ಹತ್ತು ಜನ ಸಿಗಬೇಕಷ್ಟೇ.

ಒಂದು ಕಂಪನಿಯ ರಿಮೋಟಿಗೆ ಇನ್ನೊಂದರ ರಿಸೀವರ್ ಸಾಮಾನ್ಯವಾಗಿ ಹೊಂದುವುದಿಲ್ಲ. ಫ್ಲೈಸ್ಕೈ ತಗೊಂಡರೆ ಫ್ಲೈಸ್ಕೈ ರಿಸೀವರ್, ಫುಟಾಬಾ ತಗೊಂಡರೆ ಫುಟಾಬಾದ್ದೇ. ಹಾಗಾಗಿ ರಿಮೋಟ್ ಆರಿಸುವಾಗ ಅದರ ರಿಸೀವರ್ ಬೆಲೆಯನ್ನೂ ನೋಡಿ. ಮುಂದೆ ಗಾಡಿ ಬದಲಾಗುತ್ತದೆ, ಎರಡಾಗುತ್ತದೆ, ಒಂದನ್ನು ತಮ್ಮನಿಗೆ ಕೊಡುತ್ತೀರಿ. ರಿಮೋಟ್ ಮಾತ್ರ ನಿಮ್ಮ ಹತ್ತಿರ ಉಳಿಯುತ್ತದೆ, ನಿಮ್ಮ ಬೆರಳು ಅದಕ್ಕೇ ಪಳಗಿರುತ್ತದೆ. ಹೊಸ ಗಾಡಿಗೆ ಹೊಸ ರಿಸೀವರ್ ಒಂದು ಸಾಕು. ಮಾಡೆಲ್ ಮೆಮೊರಿ ಇರುವ ರಿಮೋಟ್ ಆದರೆ ಪ್ರತಿ ಗಾಡಿಯ ಸೆಟ್ಟಿಂಗ್ ಅದರಲ್ಲೇ ನೆನಪಿರುತ್ತದೆ. ಫ್ಲೈಸ್ಕೈ ಜಿಟಿ3ಬಿ, ಜಿಟಿ5, ರೇಡಿಯೊಲಿಂಕ್ ಆರ್‌ಸಿ4ಜಿಎಸ್ ಇಂಥವೆಲ್ಲ ಈ ದರ್ಜೆಯವು. ಫುಟಾಬಾ, ಸಾನ್ವಾದ ರೇಸ್ ರಿಮೋಟುಗಳು ಇನ್ನೂ ಮೇಲಿನವು, ಆದರೆ ಮೊದಲ ವರ್ಷದಲ್ಲಿ ಆ ವ್ಯತ್ಯಾಸ ನಮ್ಮ ಬೆರಳಿಗೆ ಗೊತ್ತೇ ಆಗುವುದಿಲ್ಲ. ಇನ್ನೊಂದು ಮಾತು, ಬಗ್ಗಿಗೆ ಬೇಕಾದದ್ದು ಎರಡೇ ಚಾನೆಲ್, ಒಂದು ತಿರುಗಲು ಒಂದು ಓಡಲು. ಆರು ಚಾನೆಲ್ ಅಂತ ಬರೆದದ್ದಕ್ಕೇ ಜಾಸ್ತಿ ದುಡ್ಡು ಕೊಡಬೇಡಿ.

ಹಾಗಾದರೆ ದುಡ್ಡು ಕೊಡಬೇಕಾದದ್ದು ಯಾವುದಕ್ಕೆ? ಎಂಡ್ ಪಾಯಿಂಟ್, ಎಕ್ಸ್‌ಪೋ, ಫೇಲ್‌ಸೇಫ್ ಈ ಮೂರಕ್ಕೆ. ಎಂಡ್ ಪಾಯಿಂಟ್ ಇದ್ದರೆ ಟ್ರಿಗರ್ ಪೂರ್ತಿ ಎಳೆದರೂ ಮೋಟರಿಗೆ ಅರ್ಧ ಶಕ್ತಿ ಮಾತ್ರ ಹೋಗುವಂತೆ ಕಟ್ಟಿಹಾಕಬಹುದು. ಆ "ಒಂದ್ ರೌಂಡ್ ಕೊಡ್ರಿ ಕಾಕಾ" ಹುಡುಗರ ಕೈಗೆ ಧೈರ್ಯವಾಗಿ ಕೊಡಬಹುದು ಅಂದರೆ ಇದರಿಂದಲೇ. ಎಕ್ಸ್‌ಪೋ ಹಾಕಿದರೆ ಚಕ್ರದ ಮೊದಲ ಸ್ವಲ್ಪ ತಿರುವು ಮೆತ್ತಗಾಗುತ್ತದೆ, ನೇರ ರಸ್ತೆಯಲ್ಲಿ ಗಾಡಿ ಅತ್ತಿತ್ತ ತೂರಾಡುವುದು ನಿಲ್ಲುತ್ತದೆ. ಫೇಲ್‌ಸೇಫ್ ಅಂದರೆ ಸಿಗ್ನಲ್ ತಪ್ಪಿದಾಗ ಗಾಡಿ ಏನು ಮಾಡಬೇಕು ಅನ್ನುವುದು. ನಿಲ್ಲಬೇಕು, ಅಷ್ಟೇ. ರಿಮೋಟಿನ ಸೆಲ್ ಖಾಲಿಯಾಗಿ, ಗಾಡಿ ಪೂರ್ತಿ ವೇಗದಲ್ಲಿ ರಸ್ತೆ ಕಡೆ ಹೋಗುವುದನ್ನು ಊಹಿಸಿ ನೋಡಿ. ಹೊಸ ಗಾಡಿ ಬಂದ ದಿನ ಅದನ್ನು ಒಂದು ಇಟ್ಟಿಗೆ ಮೇಲೆ ಇಟ್ಟು, ಗಾಲಿ ನೆಲಕ್ಕೆ ತಾಗದ ಹಾಗೆ ಮಾಡಿ, ಟ್ರಿಗರ್ ಸ್ವಲ್ಪ ಎಳೆದುಕೊಂಡೇ ರಿಮೋಟ್ ಆಫ್ ಮಾಡಿ. ಗಾಲಿ ನಿಲ್ಲಬೇಕು. ನಿಲ್ಲದಿದ್ದರೆ ಅದನ್ನು ಸರಿ ಮಾಡುವವರೆಗೂ ಗಾಡಿ ನೆಲಕ್ಕೆ ಇಳಿಸುವ ಮಾತೇ ಇಲ್ಲ. ದಿನಾ ಓಡಿಸುವಾಗಲೂ ಮೊದಲು ರಿಮೋಟ್ ಆನ್, ಆಮೇಲೆ ಗಾಡಿ. ಮುಗಿದ ಮೇಲೆ ಮೊದಲು ಗಾಡಿ ಆಫ್, ಆಮೇಲೆ ರಿಮೋಟ್.

ಈಗ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ವಿಷಯ. ಓಡಿಸಲು ಸಿದ್ಧವಾಗಿ ಬರುವ ಗಾಡಿ ತಗೊಂಡರೆ ಬಾಕ್ಸ್‌ನಲ್ಲಿ ರಿಮೋಟ್ ಇದ್ದೇ ಇರುತ್ತದೆ, ಅದು ಸಾಧಾರಣದ್ದೇ ಆಗಿರುತ್ತದೆ. ಪರವಾಗಿಲ್ಲ, ಮುಂದೆ ಬದಲಿಸಿಕೊಳ್ಳಬಹುದು ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಬದಲಿಸಬಹುದಾ ಅನ್ನುವುದು ಗಾಡಿಯ ಹೊಟ್ಟೆ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಒಳ್ಳೆ ಗಾಡಿಯಲ್ಲಿ ರಿಸೀವರ್ ಬೇರೆ, ಮೋಟರಿಗೆ ಕರೆಂಟ್ ಅಳೆದು ಕೊಡುವ ಇಎಸ್‌ಸಿ ಬೇರೆ, ಸ್ಟೀರಿಂಗ್ ತಿರುಗಿಸುವ ಸರ್ವೊ ಬೇರೆ. ಸರ್ವೊದಿಂದ ಮೂರು ವೈರ್ ಬರುತ್ತದೆ. ಎಷ್ಟೋ ಅಗ್ಗದ ಗಾಡಿಗಳಲ್ಲಿ ರಿಸೀವರ್ ಮತ್ತು ಇಎಸ್‌ಸಿ ಒಂದೇ ಬೋರ್ಡ್ ಮೇಲೆ ಇರುತ್ತವೆ, ಕೆಲವದರಲ್ಲಿ ಸರ್ವೊಗೆ ಐದು ವೈರ್. ಅಲ್ಲಿ ರಿಮೋಟ್ ಬದಲಿಸಬೇಕೆಂದರೆ ಬೋರ್ಡೂ ಹೋಯಿತು, ಐದು ವೈರಿನ ಸರ್ವೊ ಇದ್ದರೆ ಅದೂ ಹೋಯಿತು. ಬೋರ್ಡಿಗೆ ನೀರು ಹೊಕ್ಕರೆ ರಿಸೀವರ್, ಇಎಸ್‌ಸಿ ಎರಡಕ್ಕೂ ಒಂದೇ ಗತಿ. ಫೋಟೊದಲ್ಲಿ ಗಾಡಿಯ ಮೇಲ್ಹೊದಿಕೆ ತೆಗೆದ ಚಿತ್ರ ಹುಡುಕಿ, ಪೆಟ್ಟಿಗೆ ಎಷ್ಟಿವೆ, ವೈರ್ ಎಷ್ಟಿವೆ ಅಂತ ಎಣಿಸಿ. ಸ್ಪೀಡ್ ಓದುವುದಕ್ಕಿಂತ ಇದು ಉಪಯೋಗದ ಕೆಲಸ.

ಇದೇ ಕಾರಣಕ್ಕೆ ಕೈಯಲ್ಲಿ ಸ್ವಲ್ಪ ತಾಳ್ಮೆ ಇರುವವರಿಗೆ ನಾನು ಕಿಟ್ ತಗೊಳ್ಳಿ ಅನ್ನುತ್ತೇನೆ. ಬಾಕ್ಸ್ ತೆರೆದರೆ ಗಾಡಿ ಇರುವುದಿಲ್ಲ. ಬಿಡಿಭಾಗಗಳು, ಸ್ಕ್ರೂ ಚೀಲಗಳು, ಒಂದು ಪುಸ್ತಕ ಇರುತ್ತವೆ. ಎಲ್ಲ ನೀವೇ ಜೋಡಿಸಬೇಕು. ಡಿಫರೆನ್ಷಿಯಲ್ ಒಳಗಿನ ಪುಟ್ಟ ಗೇರುಗಳಿಗೆ ಗ್ರೀಸ್ ಹಚ್ಚಿ ಕೂರಿಸುವಾಗ, ತಿರುವಿನಲ್ಲಿ ಒಂದು ಗಾಲಿ ಜಾಸ್ತಿ ತಿರುಗಿ ಇನ್ನೊಂದು ಕಮ್ಮಿ ತಿರುಗುವುದು ಹೇಗೆ ಅಂತ ಕಣ್ಣಾರೆ ನೋಡುತ್ತೀರಿ. ಶಾಲೆಯಲ್ಲಿ ಚಿತ್ರ ಬರೆದು ಹೇಳಿಕೊಟ್ಟಾಗ ನನಗೆ ಅದು ಹತ್ತಿರಲಿಲ್ಲ. ಮೋಟರಿನ ತುದಿಯ ಪುಟ್ಟ ಗೇರ್ ಆದ ಪಿನಿಯನ್ ಮತ್ತು ಸ್ಪರ್ ಗೇರ್ ನಡುವೆ ಎಷ್ಟು ಸಂದಿ ಬಿಡಬೇಕು ಅನ್ನುವುದಕ್ಕೆ ಒಂದು ಸುಲಭ ಉಪಾಯ ಇದೆ. ಎರಡರ ಹಲ್ಲುಗಳ ಮಧ್ಯೆ ನೋಟ್‌ಬುಕ್ ಹಾಳೆಯ ಪಟ್ಟಿ ಇಟ್ಟು ಒತ್ತಿ ಮೋಟರಿನ ಸ್ಕ್ರೂ ಬಿಗಿ ಮಾಡಿ, ಆಮೇಲೆ ಗಾಲಿ ತಿರುಗಿಸಿ ಹಾಳೆ ಹೊರಗೆ ತೆಗೆದರೆ ಸರಿಯಾದ ಸಂದಿ ಉಳಿಯುತ್ತದೆ. ಹೀಗೆ ಜೋಡಿಸಿದ ಗಾಡಿ ಮುರಿದರೆ ಗಾಬರಿ ಆಗುವುದಿಲ್ಲ, ಬಿಚ್ಚುವ ಕೈಗೆ ದಾರಿ ಗೊತ್ತಿರುತ್ತದೆ. ಟಮಿಯಾ ಕಿಟ್‌ನ ಸ್ಕ್ರೂಗಳ ತಲೆ ಜಪಾನ್ ಅಳತೆಯದ್ದು, ಮನೆಯಲ್ಲಿರುವ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಅದರಲ್ಲಿ ಜಾರಿ ತಲೆ ಕೆಡಿಸುತ್ತದೆ. ಜೆಐಎಸ್ ಅಂತ ಕೇಳಿ ಒಂದು ತಗೊಂಡರೆ ಚಿಂತೆ ಇಲ್ಲ. ಇನ್ನು ಕಿಟ್‌ನಲ್ಲಿ ರಿಮೋಟ್, ರಿಸೀವರ್, ಸರ್ವೊ, ಬ್ಯಾಟರಿ, ಚಾರ್ಜರ್ ಇರುವುದಿಲ್ಲ. ಮೊದಲು ಇದು ಮೋಸ ಅನ್ನಿಸುತ್ತದೆ. ಆದರೆ ಇಲ್ಲದ್ದರಿಂದಲೇ ನೀವು ಒಳ್ಳೆ ರಿಮೋಟ್ ಆರಿಸಿಕೊಳ್ಳುತ್ತೀರಿ.

ಎರಡು ಚಕ್ರದ ಡ್ರೈವ್ ಬೇಕೋ ನಾಲ್ಕು ಚಕ್ರದ್ದೋ ಅನ್ನುವ ಜಗಳ ಮುಗಿಯುವಂಥದ್ದಲ್ಲ. ನಾಲ್ಕು ಚಕ್ರದ್ದು ಧೂಳಿನಲ್ಲಿ ನೇರ ಹೋಗುತ್ತದೆ, ಕಲಿಯೋಕೆ ಸುಲಭ. ಹಿಂದಿನ ಎರಡೇ ಚಕ್ರ ತಿರುಗುವ ಗಾಡಿ ಟ್ರಿಗರ್ ಜೋರಾಗಿ ಎಳೆದರೆ ಗಿರಗಿರ ತಿರುಗಿ ಹಿಂದು ಮುಂದಾಗಿ ನಿಲ್ಲುತ್ತದೆ. ನನ್ನ ಓಟು ಎರಡು ಚಕ್ರಕ್ಕೇ. ಒಂದೇ ಗೇರ್‌ಬಾಕ್ಸ್, ನಡುವೆ ಶಾಫ್ಟ್ ಇಲ್ಲ, ಮುಂದೆ ಡಿಫರೆನ್ಷಿಯಲ್ ಇಲ್ಲ. ಧೂಳು ಹೋಗುವ ಜಾಗ ಅರ್ಧ ಕಮ್ಮಿ, ತರಿಸಬೇಕಾದ ಬಿಡಿಭಾಗವೂ ಕಮ್ಮಿ. ಮೋಟರ್ ಬ್ರಶ್ ಇರುವ 540 ಸಾಕು, 7.2 ವೋಲ್ಟಿನಲ್ಲಿ ಗಂಟೆಗೆ 25ರಿಂದ 30 ಕಿ.ಮೀ. ಓಡುತ್ತದೆ. ಕೇಳೋಕೆ ಕಮ್ಮಿ ಅನ್ನಿಸುತ್ತದೆ. ಅದು ನಿಮ್ಮ ಕಡೆಗೇ ಬರುವಾಗ ನೋಡಿ. ಗಾಡಿ ನಮ್ಮಿಂದ ದೂರ ಹೋಗುವಾಗ ಎಡ ಅಂದರೆ ಎಡ. ತಿರುಗಿ ನಮ್ಮ ಕಡೆ ಬರುವಾಗ ಎಡ ಬಲ ಅದಲು ಬದಲು, ಹೊಸಬರ ಕೈ ಕಾಲು ನಡುಗುವುದು ಇಲ್ಲೇ. ಅದಕ್ಕೆ ಔಷಧಿ ಒಂದೇ, ಎರಡು ಚಪ್ಪಲಿ ದೂರ ದೂರ ಇಟ್ಟು ಅವುಗಳ ಸುತ್ತ ನಿಧಾನವಾಗಿ ಎಂಟು ಹಾಕುವುದು. ಆರ್‌ಟಿಒ ಆಫೀಸಿನಲ್ಲಿ ಬೈಕ್ ಲೈಸೆನ್ಸಿಗೆ ಹಾಕಿಸುತ್ತಾರಲ್ಲ, ಅದೇ ಎಂಟು. ಅದು ಸಲೀಸಾದ ಮೇಲೆ ಮನಸ್ಸು ಗಾಡಿಯೊಳಗೇ ಕೂತಿರುತ್ತದೆ, ಎಡ ಬಲದ ಯೋಚನೆ ಬರುವುದೇ ಇಲ್ಲ.

ಬ್ಯಾಟರಿ ಬಗ್ಗೆ ಹೇಳದೆ ಮುಗಿಸುವಂತಿಲ್ಲ, ಅದರಲ್ಲೂ ನಮ್ಮ ಬಿಸಿಲಿನಲ್ಲಿ. ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ ಹಗುರ, ಶಕ್ತಿ ಜಾಸ್ತಿ. ಎರಡು ಸೆಲ್ಲಿನದ್ದು 7.4 ವೋಲ್ಟ್, ಪೂರ್ತಿ ತುಂಬಿದಾಗ 8.4. ಒಂದು ಸೆಲ್ 3 ವೋಲ್ಟಿಗಿಂತ ಕೆಳಗೆ ಇಳಿದರೆ ಹಾಳಾಗುತ್ತದೆ, ಹಾಗಾಗಿ ಇಎಸ್‌ಸಿಯಲ್ಲಿ, ವೋಲ್ಟ್ ಇಳಿದರೆ ತಾನೇ ಗಾಡಿ ನಿಲ್ಲಿಸುವ ಲಿಪೋ ಕಟ್ ಆಫ್ ಆನ್ ಇರಬೇಕು. ಓಡಿಸದೆ ಇಡುವಾಗ ಸೆಲ್ಲಿಗೆ 3.8ರ ಹತ್ತಿರ ಇಡಬೇಕು. ಚಾರ್ಜರ್ ಪ್ರತಿ ಸೆಲ್ ನೋಡಿ ಸಮ ಮಾಡುವ ಬ್ಯಾಲೆನ್ಸ್ ಚಾರ್ಜರ್ ಆಗಿರಲಿ. ಚಾರ್ಜ್‌ಗೆ ಹಾಕಿ ಮಲಗುವುದು, ಹೊರಗೆ ಹೋಗುವುದು ಬೇಡವೇ ಬೇಡ. ಉಬ್ಬಿದ ಬ್ಯಾಟರಿಗೆ ಇನ್ನೊಂದು ಅವಕಾಶ ಕೊಡಬಾರದು. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ಸಾಮಾನ್ಯ. ಆ ಹೊತ್ತಲ್ಲಿ ಬಾಗಿಲು ಮುಚ್ಚಿದ ಕಾರಿನಲ್ಲಿ ಲಿಪೋ ಬಿಟ್ಟು ಊಟಕ್ಕೆ ಹೋಗುವುದಂತೂ ಕೂಡದು. ಮೋಟರಿನದೂ ಇದೇ ಕಥೆ. 22 ಡಿಗ್ರಿಯ ಚಳಿಗಾಲದ ಸಂಜೆ ಎಷ್ಟು ಬಿಸಿ ಏರುತ್ತದೋ, ಮೇನಲ್ಲಿ ಅದೇ ಓಟಕ್ಕೆ ಅದಕ್ಕಿಂತ ಇಪ್ಪತ್ತು ಡಿಗ್ರಿ ಮೇಲೆ ಇರುತ್ತದೆ, ಶುರುವಾಗುವುದೇ ಅಲ್ಲಿಂದ. ಪಿನಿಯನ್ ಒಂದೆರಡು ಹಲ್ಲು ಕಮ್ಮಿ ಇರುವುದನ್ನು ಹಾಕಿದರೆ ವೇಗ ಸ್ವಲ್ಪ ಇಳಿಯುತ್ತದೆ, ಮೋಟರ್ ತಣ್ಣಗಿರುತ್ತದೆ. ನಾನು ಬೇಸಿಗೆಯಲ್ಲಿ ಬೆಳಗ್ಗೆ ಬಿಸಿಲು ಏರುವ ಮೊದಲು ಮುಗಿಸುತ್ತೇನೆ. ಹೊಸಬರಿಗೆ ಹಳೇ ನಮೂನೆಯ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯೂ ಕೆಟ್ಟ ಆಯ್ಕೆ ಅಲ್ಲ. ಭಾರ ಇರುತ್ತದೆ, ಆದರೆ ಲಿಪೋದಷ್ಟು ನಾಜೂಕು ಅಲ್ಲ.

ಹೀಗೆಲ್ಲ ಕೂಡಿಸಿದರೆ ಖರ್ಚು ಎಷ್ಟಾಗುತ್ತದೆ ಅಂತ ಕೇಳುತ್ತೀರಿ. ಬೆಲೆ ಬರೆದರೆ ಆರು ತಿಂಗಳಿಗೆ ಸುಳ್ಳಾಗುತ್ತದೆ, ಬರೆಯಲ್ಲ. ಗಾಡಿಗೆ ಎಷ್ಟು ಇಟ್ಟುಕೊಂಡಿದ್ದೀರೋ ಅದರ ಅರ್ಧದಷ್ಟನ್ನು ಮೊದಲ ದಿನವೇ ಬೇರೆ ಎತ್ತಿಡಿ. ಇನ್ನೊಂದು ಬ್ಯಾಟರಿ, ಒಳ್ಳೆ ಚಾರ್ಜರ್, ಎರಡು ಜೊತೆ ಮುಂದಿನ ಆರ್ಮ್ ಅದರಲ್ಲಿ ಬರಬೇಕು. ಇಷ್ಟಕ್ಕೆ ಬಜೆಟ್ ಸಾಲದಿದ್ದರೆ ಇನ್ನೂ ಅಗ್ಗದ ಗಾಡಿ ನೋಡಿ, ಎತ್ತಿಟ್ಟಿದ್ದಕ್ಕೆ ಕೈ ಹಾಕಬೇಡಿ.

ಇದಿಷ್ಟೂ ಈಚೆಗೆ ಶಹಾಪುರದಿಂದ ನನ್ನ ಅಕ್ಕನ ಮಗ ಫೋನ್ ಮಾಡಿದ್ದರಿಂದ ಮತ್ತೆ ಯೋಚನೆಗೆ ಬಂತು. ಪಿಯುಸಿ ಮುಗಿಸಿದ್ದಾನೆ. "ಮಾಮಾ, ಇದು ಎಪ್ಪತ್ತು ಹೋಗ್ತದಂತ್ರಿ, ಬ್ರಶ್‌ಲೆಸ್ ಅದ, ತಗೊಳ್ಳೇನು?" ಅಂದ. ಬ್ರಶ್‌ಲೆಸ್ ಅಂದರೆ ಕಾರ್ಬನ್ ಬ್ರಶ್ ಇಲ್ಲದ ಮೋಟರ್. ಅವನು ಕಳಿಸಿದ ಫೋಟೊದಲ್ಲಿ ಗಾಡಿಯ ಹೊಟ್ಟೆ ಕಾಣುತ್ತಿರಲಿಲ್ಲ. ಮೇಲ್ಹೊದಿಕೆ ತೆಗೆದ ಫೋಟೊ ಕೇಳು ಅಂದೆ. ಅಂಗಡಿಯವರು ಕಳಿಸಿದರು, ಒಂದೇ ಬೋರ್ಡ್. ಎಲ್ಲಿ ಓಡಿಸುತ್ತೀ ಅಂತ ಕೇಳಿದರೆ ಮನೆ ಹಿಂದಿನ ಹೊಲದ ದಾರಿಯಲ್ಲಿ ಅಂತಾನೆ. ಆ ದಾರಿ ನಾನು ನೋಡಿದ್ದೇನೆ, ಟ್ರ್ಯಾಕ್ಟರ್ ಓಡಾಡಿದ ಎರಡು ಗಾಡಿಜಾಡಿನ ಎರೆ, ಮಧ್ಯೆ ಹುಲ್ಲು. ಇದಕ್ಕೆ ಸಣ್ಣ ಗಾಲಿ ನಡೆಯಲ್ಲ ಕಣೋ ಅಂತ ಹೇಳಿ, ಮೇಲೆ ಬರೆದದ್ದನ್ನೆಲ್ಲ ಫೋನಿನಲ್ಲಿ ಒದರಿದೆ. ಸುಮ್ನೆ ಕೇಳಿಸಿಕೊಂಡ. ಆಮೇಲೆ ಒಂದು ಪ್ರಶ್ನೆ ಹಾಕಿದ, "ಆರು ತಿಂಗಳಾದ ಮ್ಯಾಲ ನೀವು ಹೇಳಿದ ಗಾಡಿಗೆ ಬ್ರಶ್‌ಲೆಸ್ ಹಾಕಲಿಕ್ಕೆ ಬರ್ತದೇನ್ರಿ?"

ಒಳ್ಳೆ ಪ್ರಶ್ನೆ. ಬರುತ್ತದೆ. ಎಲ್ಲ ಬೇರೆ ಬೇರೆ ಪೆಟ್ಟಿಗೆ ಇರುವ ಗಾಡಿ ತಗೊಂಡರೆ ಮೋಟರ್ ಮತ್ತು ಇಎಸ್‌ಸಿ ಮಾತ್ರ ಬದಲಿಸಿದರಾಯಿತು, ರಿಮೋಟ್, ರಿಸೀವರ್, ಸರ್ವೊ ಅವೇ ಇರುತ್ತವೆ. 3300 ಕೆವಿ ಮೋಟರ್ ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 3300 ಸುತ್ತು, 7.4 ವೋಲ್ಟಿಗೆ ಭಾರ ಇಲ್ಲದಾಗ 24,000 ದಾಟುತ್ತದೆ. ಅದಕ್ಕೆ ಗಾಡಿಯ ಗೇರ್ ತಡೆಯುತ್ತದಾ ಅಂತ ಮಾತ್ರ ಆಗ ನೋಡಬೇಕು. ಈ ಲೆಕ್ಕ ಕೇಳಿದ ಕೂಡಲೇ ಅವನ ದನಿ ಬದಲಾಯಿತು. ಎರಡು ಚಕ್ರದ 1:10 ಕಿಟ್, ಬೇರೆ ರಿಮೋಟ್, ಹೈಡ್ರೈಡ್ ಬ್ಯಾಟರಿ ಅಂತ ಒಪ್ಪಿಕೊಂಡ. ಕಿಟ್ ಜೋಡಿಸಲು ಕಲಬುರಗಿಗೆ ಬರುತ್ತಾನಂತೆ. ದುಡ್ಡು ಅಕ್ಕ ಕೊಡಬೇಕು, ಹಾಗಾಗಿ ಬ್ರಶ್‌ಲೆಸ್ ಮಾತು ಸದ್ಯಕ್ಕೆ ಅವಳ ಮುಂದೆ ಎತ್ತುವುದಿಲ್ಲ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.